ಅಳಿಸು ಎಂಬ ಗುಂಡಿ

ವನಿತಾ ತಾನು ಕಾಯುವ ಕೆರೆಯನ್ನು ಒಮ್ಮೆಯೂ ಕಣ್ಣಿನಿಂದ ನೋಡಿರಲಿಲ್ಲ. ಹೇಳಿದರೆ ನಗುತ್ತೀರಿ, ಆದರೂ ಮಾತು ನಿಜ. ಕೆರೆ ಇದ್ದದ್ದು ಶಿರಹಟ್ಟಿ ತಾಲೂಕಿನ ಮಾಗಡಿಯಲ್ಲಿ, ಅವಳ ಬಾಡಿಗೆ ಖೋಲಿ ಇದ್ದದ್ದು ಗದುಗಿಗೆ ಹತ್ತಿಕೊಂಡ ಬೆಟಗೇರಿಯಲ್ಲಿ. ನಡುವೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಇಷ್ಟು ಹಾದಿಯನ್ನು ಜನ ಮದುವೆಗೆಂದೋ ಮಣ್ಣಿಗೆಂದೋ ವರ್ಷಕ್ಕೆ ಹತ್ತು ಸಲ ದಾಟುತ್ತಾರೆ. ಇವಳನ್ನು ಎರಡಕ್ಕೂ ಕರೆಯುವವರು ಇರಲಿಲ್ಲ.

ಕೆಲಸದ ಸಂಗತಿ ಮೊದಲು ಹೇಳಿಬಿಡಬೇಕು. ಚಳಿಗಾಲ ಶುರುವಾಗುತ್ತಲೇ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಹಿಂಡುಹಿಂಡಾಗಿ ಬಂದು ಮಾಗಡಿ ಕೆರೆಗೆ ಇಳಿಯುತ್ತವೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹಗಲು ನೀರಿನ ಮೇಲೆ ಕೂತು ಗೊಣಗುತ್ತವೆ. ಆ ಗೊಣಗಾಟದಲ್ಲಿ ಏನೇನಿದೆ ಎಂದು ತಿಳಿಯುವ ಹುಚ್ಚು ಹುಬ್ಬಳ್ಳಿಯ ಒಂದು ಪಕ್ಷಿ ಅಧ್ಯಯನ ಸಂಸ್ಥೆಗೆ ಹತ್ತಿತ್ತು. ಅವರು ಕೆರೆಯ ದಂಡೆಗೆ ಒಂದು ಕಬ್ಬಿಣದ ಕಂಬ ನೆಟ್ಟು, ತುದಿಗೆ ಸೋಲಾರ್ ಫಲಕ, ನಡುವಿಗೆ ಸಿಮ್ ಹಾಕಿದ ಒಂದು ಡಬ್ಬಿ, ಡಬ್ಬಿಯ ಕೆಳಗೆ ಮೈಕು ಕಟ್ಟಿದ್ದರು. ಮೈಕಿಗೆ ಬಿದ್ದ ಸದ್ದು ಬೆಟಗೇರಿಯಲ್ಲಿ ವನಿತಾಳ ಲ್ಯಾಪ್‌ಟಾಪಿನ ಬ್ರೌಸರಿನೊಳಗೆ ಹಸಿರು ಗೆರೆಯಾಗಿ ಓಡುತ್ತಿತ್ತು. ಕೆರೆ ಸುಮ್ಮನಿದ್ದರೆ ಗೆರೆ ಸಣ್ಣಗೆ ನಡುಗುತ್ತಿತ್ತು, ಬಾತು ಕೂಗಿದರೆ ಎದ್ದು ಕುಣಿಯುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣನ್ನು ಗೆರೆಯ ಮೇಲಿಟ್ಟು, ಕೂಗು ಬಂದಾಗ ಕೆಂಪು ಗುಂಡಿ ಒತ್ತಿ ರೆಕಾರ್ಡ್ ಮಾಡಬೇಕು. ಮಾಡಿದ್ದಕ್ಕೆ ಬಾತು, ಗಾಳಿ, ವಾಹನ, ಮನುಷ್ಯ ಎಂದು ಹೆಸರು ಹಚ್ಚಬೇಕು. ಮನುಷ್ಯ ಎಂದಾದರೆ ಪಕ್ಕದ ಇನ್ನೊಂದು ಗುಂಡಿ ಒತ್ತಿ ತೆಗೆದುಹಾಕಬೇಕು. ಪುಟವನ್ನು ಕನ್ನಡದಲ್ಲಿ ಮಾಡಿಸಿದ್ದರಿಂದ ಆ ಗುಂಡಿಯ ಮೇಲೆ ‘ಅಳಿಸು’ ಎಂದು ಬರೆದಿತ್ತು.

“ಊರ ಮಂದಿ ಏನೇನೋ ಮಾತಾಡ್ತಿರ್ತಾರ, ಅದು ನಮಗ ಬ್ಯಾಡ. ಕೇಳಿದ ಕೂಡಲೇ ಅಳಿಸಿಬಿಡ್ರಿ,” ಎಂದು ಸಂಸ್ಥೆಯ ಫರ್ಹಾನಾ ಮೇಡಂ ಮೊದಲ ದಿನವೇ ಫೋನಿನಲ್ಲಿ ಹೇಳಿದ್ದಳು.

ಇದಕ್ಕೂ ಮೊದಲು ವನಿತಾ ಗದುಗಿನ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಅಲ್ಲಿ ಅಕ್ಷರ ತಪ್ಪಾದರೆ ಬೈಯುವ ಮಾಲೀಕನಾದರೂ ಇದ್ದ. ಇಲ್ಲಿ ಅದೂ ಇಲ್ಲ. ಬೆಳಿಗ್ಗೆ ಒಂದು ಚಹಾ, ಒಂದು ತಾಟು, ಒಂದು ಲೋಟ. ಮನೆಯ ಮಾಲಕಿ ಶಮಶಾದಬಿ ಕೆಳಗಿನ ಮನೆಯಲ್ಲಿದ್ದರು. ಒಳ್ಳೆಯ ಹೆಂಗಸು, ಆದರೆ ಕಿವಿ ಮಂದ, ಮಾತು ಹತ್ತು ಸಲ ಹೇಳಬೇಕು. ವನಿತಾಳಿಗೆ ಮೂವತ್ತಾರು ದಾಟಿತ್ತು. ಲಗ್ನದ ಮಾತು ಎರಡು ಸಲ ಬಂದು ಹೋಗಿತ್ತು, ತಾಯಿ ಹೋದ ಮೇಲೆ ಮಾತು ತರುವವರೂ ಇಲ್ಲವಾದರು. ಕೆಲವು ದಿನ ಸಂಜೆಯಾಗುವ ಹೊತ್ತಿಗೆ ಅವಳಿಗೆ ತನ್ನ ದನಿ ಕೇಳಿ ಎಷ್ಟು ಹೊತ್ತಾಯಿತೆಂಬ ಅನುಮಾನ ಬರುತ್ತಿತ್ತು. ಆಗ ಸುಮ್ಮನೆ ಕೆಮ್ಮಿ ನೋಡುತ್ತಿದ್ದಳು. ನನಗೆ ಇದನ್ನು ಬರೆಯುವಾಗಲೇ ಸಂಕಟವಾಗುತ್ತದೆ, ಬದುಕಿದವಳಿಗೆ ಹೇಗಾಗಿರಬೇಡ.

ತಾಯಿ ಮಂಜವ್ವ ಮುಂಡರಗಿಯಲ್ಲಿ ಹೆಸರಾದ ಹೆಂಗಸು. ಯಾವುದಕ್ಕೆ ಹೆಸರು ಎಂದರೆ, ಅಳುವುದಕ್ಕೆ. ಈ ಕಡೆಯ ಹೆಂಗಸರು ಮುಖ ಮುಚ್ಚಿಕೊಂಡು ಮುಸುಮುಸು ಅಳುವವರಲ್ಲ. ಸತ್ತವರ ಗುಣ ಎತ್ತಿ, ಅವರು ಉಂಡದ್ದು ಉಟ್ಟದ್ದು ನೆನೆದು, ರಾಗ ಮಾಡಿ ಹಾಡಿಕೊಂಡು ಅಳುತ್ತಾರೆ. ಹಾಗೆ ಅಳಲು ಜೋಡಿ ಬೇಕು. ಒಬ್ಬಳು ಅಳುತ್ತಿದ್ದರೆ ಮತ್ತೊಬ್ಬಳು ಬಂದು ಕೊರಳಿಗೆ ಬಿದ್ದು ತನ್ನ ಸತ್ತವರನ್ನೂ ಅದರಲ್ಲಿ ಸೇರಿಸಿ ಅಳುತ್ತಾಳೆ. ಮಂಜವ್ವನ ಕೊರಳಿಗೆ ಬಿದ್ದು ಅಳದ ಹೆಂಗಸು ಅವರ ಓಣಿಯಲ್ಲಿರಲಿಲ್ಲ. ಅಂಥವಳು ಕೊರೊನಾದ ಎರಡನೆಯ ಅಲೆ ಬಂದಾಗ ದವಾಖಾನೆಯಲ್ಲಿ ತೀರಿಕೊಂಡಳು. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು, ವನಿತಾ ದೂರದಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಯಾರನ್ನೂ ದೂರುವ ಹಾಗಿರಲಿಲ್ಲ, ಕಾಲವೇ ಹಾಗಿತ್ತು. ಆದರೆ ಆವತ್ತು ಗಂಟಲಿನಲ್ಲಿ ನಿಂತ ಅಳು ಇವಳಿಗೆ ಆಮೇಲೆ ಹೊರಗೆ ಬರಲೇ ಇಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಬಾತುಗಳ ಗೊಣಗಾಟದ ನಡುವೆ ಹಾಡಿನಂಥ ದನಿಯೊಂದು ಬಂತು. ಹೆಂಗಸಿನ ದನಿ, ವಯಸ್ಸಾದದ್ದು. ಯಾರೋ ದನ ಕಾಯುವವಳು ಬೇಸರಕ್ಕೆ ಪದ ಹೇಳುತ್ತಿದ್ದಾಳೆ ಎಂದುಕೊಂಡು ವನಿತಾ ‘ಮನುಷ್ಯ’ ಎಂದು ಹೆಸರು ಹಚ್ಚಿ ಅಳಿಸಿದಳು. ಮರುದಿನವೂ ಬಂತು, ಅಳಿಸಿದಳು. ಮೂರನೆಯ ದಿನ ಗಾಳಿ ಇರಲಿಲ್ಲ, ದನಿ ಕಂಬದ ಬುಡದಲ್ಲೇ ಕೂತಂತೆ ಸ್ವಚ್ಛ ಕೇಳಿಸಿತು.

“ಯಾಕ ಹೋದಿ ನನ ಗೆಣತೀ… ಹೇಳದ ಹ್ಯಾಂಗ ಹೋದಿ ನನ ಗೆಣತೀ… ತಲಿ ಹಿಕ್ಕವರಿಲ್ಲ ನನಗ, ತಲಿ ಹಿಕ್ಕಿ ಬೈಯವರಿಲ್ಲ ನನಗ…”

ವನಿತಾಳ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು. ಮಂಜವ್ವನ ಮಗಳಾಗಿ ಅಳುವಿಗೂ ಹಾಡಿಗೂ ಅಂತರ ತಿಳಿಯದೆ ಎರಡು ದಿನ ಅಳಿಸಿ ಒಗೆದಿದ್ದಳು! ನಾಚಿಕೆಯಿಂದ ಒಬ್ಬಳೇ ಇದ್ದರೂ ಮುಖ ಬಿಸಿಯಾಯಿತು. ಆ ಹೆಂಗಸು ಗೆಳತಿಯನ್ನು ಕಳೆದುಕೊಂಡು ಕೆರೆಯ ದಂಡೆಗೆ ಬಂದು ಅಳುತ್ತಿದ್ದಳು, ಜೋಡಿಯಿಲ್ಲದೆ. ವನಿತಾ ಕೆಂಪು ಗುಂಡಿ ಒತ್ತಿದಳು. ‘ಮನುಷ್ಯ’ ಎಂದು ಹಚ್ಚಲಿಲ್ಲ, ಅಳಿಸಲಿಲ್ಲ, ಪುಟದಲ್ಲೇ ತನ್ನದೊಂದು ಬೇರೆ ಕಡತ ಮಾಡಿ ಉಳಿಸಿಕೊಂಡಳು.

ಅಲ್ಲಿಂದ ಅವಳ ದಿನಕ್ಕೆ ಒಂದು ನಡು ಬಂತು. ಊಟದ ಹೊತ್ತು ಕಳೆದ ಮೇಲೆ ಮೊದಲು ಎಮ್ಮೆಯ ಗೊರಸಿನ ಸದ್ದು, ಆಮೇಲೆ “ನಿಂದ್ರಲೇ ಗೌರಿ, ನೀರ ಎಲ್ಲಿ ಓಡಿ ಹೋಗ್ತಾವ?” ಎಂಬ ಬೈಗುಳ, ಆಮೇಲೆ ಕಲ್ಲಿನ ಮೇಲೆ ಕೂರುವಾಗಿನ ಒಂದು ಉಸ್ಸೆಂಬ ಉಸಿರು. ವನಿತಾ ರೊಟ್ಟಿ ಮುಚ್ಚಿಟ್ಟು ಆ ಹೊತ್ತಿಗೆ ಕಾಯತೊಡಗಿದಳು. ಅಳು ಶುರುವಾದಾಗ ಗೆರೆ ಅಲೆಅಲೆಯಾಗಿ ಏರಿ ಇಳಿಯುತ್ತಿತ್ತು, ಇವಳ ಕಣ್ಣಿನಿಂದ ನೀರು ತಾನೇ ಇಳಿಯುತ್ತಿತ್ತು. ಬಾಯಿಂದ ಮಾತ್ರ ಒಂದು ಸದ್ದೂ ಬರುತ್ತಿರಲಿಲ್ಲ. ಅಳು ಮುಗಿದ ಮೇಲೆ ಆ ಹೆಂಗಸು ಮೂಗು ಸೀಟಿ, ಎಲೆ ಅಡಿಕೆ ಹಾಕಿಕೊಂಡು, ಎಮ್ಮೆಯ ಹತ್ತಿರ ಊರ ಸುದ್ದಿ ಹೇಳುತ್ತಿದ್ದಳು. ಆಗ ವನಿತಾ ಕಣ್ಣೊರೆಸಿಕೊಂಡು ಊಟ ಮಾಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅವಳು ಯಾರದೋ ಜೊತೆಗೆ ಉಣ್ಣುತ್ತಿದ್ದಳು. ಯಾರೆಂದು ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಅದರ ಅಗತ್ಯವೂ ಇರಲಿಲ್ಲ. ಭಾನುವಾರ ರಜೆಯಿದ್ದರೂ ಪುಟ ತೆರೆದಿಡುತ್ತಿದ್ದಳು.

ಹೀಗೆ ಸಂಕ್ರಾಂತಿ ದಾಟಿತು. ಒಂದು ಮಧ್ಯಾಹ್ನ ಆ ಹೆಂಗಸಿನ ದನಿ ಎಂದಿನಂತಿರಲಿಲ್ಲ. ಎಮ್ಮೆಯನ್ನೂ ಬೈಯಲಿಲ್ಲ. ಬಂದವಳೇ ಎತ್ತರದ ಸ್ವರದಲ್ಲಿ ತೆಗೆದಳು.

“ಸಾಕಾತ ನನಗ ಗೆಣತೀ… ಬಾ ಅಂತ ಒಂದ ಮಾತ ಅನ್ನ ಗೆಣತೀ… ಇದ ಕೆರಿ ದಾಟಿ ಬರ್ತೀನಿ, ನೀ ಇದ್ದಲ್ಲೇ ಬರ್ತೀನಿ…”

ಆಮೇಲೆ ನೀರಿಗೆ ಏನೋ ದೊಡ್ಡದು ಬಿದ್ದ ಸದ್ದು. ಅದರ ಬೆನ್ನಿಗೇ ಸಾವಿರ ಬಾತುಗಳು ಒಮ್ಮೆಲೇ ಕೂಗಿ ಎದ್ದವು. ಹಸಿರು ಗೆರೆ ಪುಟದ ಮೇಲೆ ಕೆಳಗೆ ಬಡಿದು ತುಂಬಿಹೋಯಿತು. ಅಷ್ಟರಲ್ಲಿ ನೆಟ್ ಕಡಿಯಿತು. ‘ಮತ್ತೆ ಸಂಪರ್ಕಿಸಲಾಗುತ್ತಿದೆ’ ಎಂದು ಪುಟದ ನಡುವೆ ಒಂದು ಚಕ್ರ ತಿರುಗತೊಡಗಿತು.

ವನಿತಾ ಹೆಡ್‌ಫೋನ್ ಕಿತ್ತು ಎದ್ದಳು. ಕೆರೆಯ ಕಾವಲಿನ ಹುಚ್ಚಪ್ಪನಿಗೆ ಫೋನ್ ಹಚ್ಚಿದಳು. ಕಂಬಕ್ಕೆ ಧೂಳು ಹಿಡಿದರೆ ಒರೆಸುವವನು ಅವನೇ. ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆ ಎಂದಿತು ಯಂತ್ರ. ಪೊಲೀಸರಿಗೆ ಹಚ್ಚಿ ಏನೆಂದು ಹೇಳುವುದು? ಯಾರು ಎಂದು ಕೇಳಿದರೆ ಹೆಸರಿಲ್ಲ, ಹೇಗಿದ್ದಾಳೆ ಎಂದರೆ ಮುಖವಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಉಟ್ಟ ಬಟ್ಟೆಯಲ್ಲೇ ಚಪ್ಪಲಿ ಮೆಟ್ಟಿ ಕೆಳಗಿಳಿದಳು, ಅಟೋ ಹಿಡಿದು ಗದುಗಿನ ಬಸ್ ನಿಲ್ದಾಣಕ್ಕೆ ಬಂದಳು, ಹೊರಟಿದ್ದ ಲಕ್ಷ್ಮೇಶ್ವರದ ಬಸ್ಸಿಗೆ ಓಡಿ ಹತ್ತಿದಳು.

ಬಸ್ಸಿನಲ್ಲಿ ಮೊಬೈಲಿನಲ್ಲೇ ಆ ಪುಟ ತೆರೆದು ಕಿವಿಗೆ ಹಚ್ಚಿಕೊಂಡು ಕೂತಳು. ಕಡಲೆ ಹೊಲ, ಜೋಳದ ಹೊಲ ದಾಟುತ್ತಿದ್ದವು. ಒಂದೆರಡು ಸಲ ಗೆರೆ ಬಂದು ಬಾತುಗಳ ಸದ್ದು ಕೇಳಿ ಮತ್ತೆ ಕಡಿಯಿತು. ಹೆಂಗಸಿನ ದನಿ ಇರಲಿಲ್ಲ. ಆ ಒಂದು ತಾಸು ಅವಳು ಬೇಡದ ದೇವರಿಲ್ಲ. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ತಿಕೀಟು ತೆಗೆಸಿದಳು.

ಕೆರೆ ಅವಳು ಎಣಿಸಿದ್ದಕ್ಕಿಂತ ಬಹಳ ದೊಡ್ಡದಿತ್ತು. ಓಡಿ ಹೋದವಳಿಗೆ ಮೊದಲು ಕಂಡದ್ದು ಕಂಬ. ಕಂಬದ ಪಕ್ಕ ಜಾಲಿ ಗಿಡ, ಗಿಡದ ಕೆಳಗೆ ಕಲ್ಲು, ಕಲ್ಲಿನ ಮೇಲೆ ಹಸಿರು ಸೀರೆಯ ಒಬ್ಬ ಮುದುಕಿ ಅಡಿಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದಳು. ಮುಂದೆ ನೀರಿನಲ್ಲಿ ಒಂದು ಎಮ್ಮೆ ಕೊರಳ ಮಟ್ಟ ಮುಳುಗಿ ಕಣ್ಣು ಮುಚ್ಚಿ ಸುಖವಾಗಿತ್ತು.

“ನೀವು… ಅದೀರಿ?” ಎಂದಳು ವನಿತಾ, ಉಸಿರು ಹತ್ತದೆ.

“ಅದೀನಿ. ಎಲ್ಲಿ ಹೋಗ್ಲಿ?” ಮುದುಕಿ ಅವಳನ್ನು ಮೇಲೆ ಕೆಳಗೆ ನೋಡಿದಳು. “ಯಾರವ್ವಾ ನೀ? ಯಾರ ಮನಿಗೆ ಬಂದಿ?”

“ಕೆರಿಗೆ ಬೀಳ್ತೀನಿ ಅಂದ್ರೆಲ್ರೀ…”

“ಯಾರ ಮುಂದ ಅಂದೆ?”

“ಗೆಣತಿ ಮುಂದ.”

ಅಡಿಕೊತ್ತು ನಿಂತಿತು. ಮುದುಕಿ ಹಿಂದೆ ಮುಂದೆ ತಿರುಗಿ ದಂಡೆಯನ್ನೆಲ್ಲ ನೋಡಿದಳು, ಯಾರೂ ಇರಲಿಲ್ಲ. ವನಿತಾ ಕಂಬದ ಕಡೆಗೆ ಕೈ ತೋರಿಸಿದಳು.

“ಇದರಾಗ ಮೈಕ ಐತ್ರಿ. ನಾ ಬೆಟಗೇರ್ಯಾಗ ಕುಂತು ಕೇಳ್ತೀನಿ. ಬಾತಿನ ದನಿ ಹಿಡಿಯೂ ಕೆಲಸ ನಂದು. ಇವತ್ತ ನೀವು ಬರ್ತೀನಿ ಅಂದದ್ದು ಕೇಳಿ ಓಡಿ ಬಂದೆ.”

ಮುದುಕಿ ಕಂಬವನ್ನು ಬುಡದಿಂದ ತುದಿಯ ತನಕ ನೋಡಿದಳು. ಆಮೇಲೆ ಬೈದಳು, ಅದೂ ಚೆನ್ನಾಗಿ ಬೈದಳು.

“ಅಳೂ ಮಂದಿ ಎಲ್ಲಾರೂ ಬರ್ತೀನಿ ಅಂತಾರಬೇ! ಖರೇನ ಹೋದಾಕಿ ಒಬ್ಬಾಕೀನ ತೋರಸು. ಅಂದಂದವರೆಲ್ಲಾ ಹೋಗಿದ್ರ ಈ ಊರಾಗ ಒಂದ ಹೆಣ್ಮಗಳು ಉಳೀತಿರಲಿಲ್ಲ. ಎಮ್ಮಿ ನೀರಿಗೆ ಬಿತ್ತು, ಹಕ್ಕಿ ಎದ್ವು, ಅಷ್ಟ. ನಿಮ್ಮವ್ವ ನಿನಗ ಅಳೂದು ಕಲಿಸಿಲ್ಲೇನು?”

ಮಂಜವ್ವನ ಮಗಳಿಗೆ ಕೇಳಬಾರದ ಮಾತದು. ಹಾಡಿಕೊಂಡು ಅಳುವವರ ಮಾತನ್ನು ಇದ್ದದ್ದಿದ್ದಂತೆ ಹಿಡಿದವರುಂಟೇ? ಅವಳ ತಾಯಿ ಓಣಿಯ ಎಷ್ಟು ಜನ ಸತ್ತವರಿಗೆ ‘ನಾನೂ ಬಂದೆ ತಡಿ’ ಎಂದು ಹೇಳಿ, ಮನೆಗೆ ಬಂದು ಸ್ನಾನ ಮಾಡಿ ಅನ್ನಕ್ಕೆ ಇಟ್ಟಿದ್ದಳು. ಆ ಮಾತಿನ ನಡುವೆಯೇ ಬೆಳೆದ ವನಿತಾ ಜನರಿಂದ ಎಷ್ಟು ದೂರ ಬಂದಿದ್ದಳೆಂದರೆ, ಅಳುವಿನ ಭಾಷೆಯೂ ಮರೆತುಹೋಗಿತ್ತು. ಅವಳು ಕಲ್ಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

“ಎಷ್ಟ ದಿನದಿಂದ ಕೇಳ್ತಿ?” ಎಂದಳು ಮುದುಕಿ.

“ಡಿಸೆಂಬರದಿಂದ್ರಿ.”

“ಎಲ್ಲಾ ಕೇಳೀಯೇನು?”

“ಹೂಂನ್ರಿ. ಮನಷ್ಯಾರ ದನಿ ಬಂದ್ರ ಅಳಿಸು ಅಂತ ಆಫೀಸನ್ಯಾಗ ಹೇಳ್ಯಾರ. ಮೊದಲ ಎರಡ ದಿನ ಬಿಟ್ರ ನಾ ಅಳಿಸ್ಲಿಲ್ರಿ.”

“ಅಳಿಸು ಅಂತಾರ? ಎಂಥಾ ನೌಕರಿಲೇ ಇದು! ನನ್ನ ಯಾರೂ ಅಳಿಸೂದು ಬ್ಯಾಡ ತಗೊ, ನಾನ ಅಳ್ತೀನಿ.”

“ಹಂಗಲ್ರಿ. ಅಳಿಸೂದು ಅಂದ್ರ ಒರಸೂದು. ಇಲ್ಲ ಮಾಡೂದು.”

“ಹಂಗಾದ್ರ ಒರಸು ಅನ್ನಬೇಕು. ಅಳಿಸೂದೂ ಒರಸೂದೂ ನಿಮಗ ಒಂದ ಮಾತಾತೇನು?”

ವನಿತಾಳಿಗೆ ನಗು ಬಂತು. ಮುದುಕಿಯೂ ನಕ್ಕಳು, ನಕ್ಕಾಗ ಎಲೆ ಅಡಿಕೆಯ ಕೆಂಪು ಬಾಯಿ ಕಂಡಿತು. ಹೆಸರು ಕಳಕವ್ವ ಎಂದು ಹೇಳಿದಳು. ಆಮೇಲೆ ತಾನಾಗಿಯೇ ಗೆಣತಿಯ ಮಾತು ತೆಗೆದಳು.

“ಗೆಣತಿ ಅಂದ್ರ ಯಾರ ಅಂತ ತಿಳಿದಿ? ದ್ಯಾಮವ್ವ ಅಂತ. ನನ್ನ ಸವತಿ. ನನಗ ಮಕ್ಕಳಾಗಲಿಲ್ಲಂತ ಆಕೀನ ತಂದ್ರು. ನಳದ ಮುಂದ, ಹೊಲದಾಗ, ಸಂತ್ಯಾಗ, ಎಲ್ಲೆ ನೋಡಿದಲ್ಲೆ ನಮ್ಮದು ಜಗಳ. ಊರ ಮಂದಿ ನಿಂತು ನೋಡ್ತಿದ್ರು. ಮನಿಗೆ ಬಂದು ಬಾಗಲಾ ಹಾಕಿಂದ ಆಕಿ ನನ್ನ ತಲಿ ಹಿಕ್ಕಾಕಿ, ನಾ ಆಕಿ ಕಾಲ ಒತ್ತಾಕಿ. ಅದು ಯಾರಿಗೆ ಗೊತ್ತು? ನವರಾತ್ರ್ಯಾಗ ಹೋದ್ಲು. ಹೆಣದ ಮುಂದ ನಾ ಅಳಾಕ ಬಾಯಿ ತಗದ್ರ ಒಬ್ಬಾಕಿ ಅಂದ್ಲು, ಸಾಕ ಮಾಡ ಕಳಕವ್ವ, ಯಾರ ಮುಂದ ಸೋಗ ಹಾಕ್ತಿ ಅಂತ. ಬಾಯಿ ಮುಚ್ಚಿಕೊಂಡು ಇಲ್ಲಿಗೆ ಬರಾಕ ಹತ್ತಿದೆ. ಇಲ್ಲಿ ಹಕ್ಕಿ ಬಿಟ್ರ ಯಾರಿಲ್ಲಂತ ತಿಳಿದಿದ್ದೆ.”

ಕೊನೆಯ ಮಾತು ಹೇಳುವಾಗ ಅವಳು ಕಂಬವನ್ನು ನೋಡಿದಳು. ವನಿತಾಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು.

“ಹಿಡದಿಟ್ಟೀಯಲಾ, ಕೇಳಸು ನೋಡೂನು,” ಎಂದಳು ಕಳಕವ್ವ.

ವನಿತಾ ಮೊಬೈಲಿನಲ್ಲಿ ಒಂದನ್ನು ಹಚ್ಚಿ ಅವಳ ಕಿವಿಗೆ ಹಿಡಿದಳು. ಕಳಕವ್ವ ತನ್ನ ಅಳುವನ್ನು ತಾನೇ ಕೇಳಿದಳು. ಮೊದಲು “ಅಯ್ಯ, ಇಷ್ಟು ಒಡಕ ದನಿ ಏನು ನಂದು?” ಎಂದಳು. ಅಳು ಮುಗಿಯುವ ಮುನ್ನವೇ ಮೊಬೈಲನ್ನು ಕೈಯಿಂದ ದೂರ ಸರಿಸಿದಳು.

“ಇವು ಆಕಿ ಮುಂದ ಜೀವ ಇದ್ದಾಗ ಆಡಲಾರದ ಮಾತು. ಮತ್ತೊಬ್ಬರಿಗೆ ಅಲ್ಲ. ಒರಸಿಬಿಡು ನಮ್ಮವ್ವ.”

“ಒರಸ್ತೀನ್ರಿ.”

ಒಂದಿಷ್ಟು ಹೊತ್ತು ಇಬ್ಬರೂ ನೀರು ನೋಡಿದರು. ಬಾತುಗಳು ಮತ್ತೆ ಇಳಿದು ಗೊಣಗುತ್ತಿದ್ದವು.

“ದಿನಾ ನೀವು ಅಳುವಾಗ ನಾನೂ ಅಳ್ತಿದ್ದೆ,” ಎಂದಳು ವನಿತಾ. ಯಾಕೆ ಹೇಳಿದಳೋ, ಹೊರಟುಬಿಟ್ಟಿತು.

“ಯಾರಿಗೆ?”

“ನಮ್ಮವ್ವಗ. ಕೊರೊನಾದಾಗ ಹೋದ್ಲು. ಆಗ ಅಳಾಕ ಆಗ್ಲಿಲ್ಲ. ಯಾರೂ ಬರ್ಲಿಲ್ಲ.”

ಕಳಕವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಏನೋ ಕೇಳುವವಳಿದ್ದಳು, ಅಷ್ಟರಲ್ಲಿ ಕಣ್ಣು ಮತ್ತೆ ಕಂಬದ ಮೇಲೆ ಬಿತ್ತು. ಎದ್ದು ಸೆರಗು ಝಾಡಿಸಿದಳು, ಎಮ್ಮೆಯನ್ನು ಕೂಗಿದಳು. “ಬಸ್ ತಪ್ಪೀತು, ನಡಿ,” ಎಂದಷ್ಟೇ ಹೇಳಿ ಹೋದಳು.

ಮರುದಿನ ಕಳಕವ್ವ ಬರಲಿಲ್ಲ. ಅದರ ಮರುದಿನವೂ ಇಲ್ಲ. ವನಿತಾ ರೊಟ್ಟಿ ಮುಚ್ಚಿಟ್ಟು ಕಾಯುತ್ತಿದ್ದಳು, ಗೊರಸಿನ ಸದ್ದು ಬರುತ್ತಿರಲಿಲ್ಲ, ರೊಟ್ಟಿ ಆರಿ ಕಟಕಾಗುತ್ತಿತ್ತು. ಪುಟದಲ್ಲಿ ಬಾತುಗಳೇ ಬಾತುಗಳು. ಒಂದು ವಾರ ತಡೆದು ಹುಚ್ಚಪ್ಪನಿಗೆ ಫೋನ್ ಹಚ್ಚಿದಳು. ಅವಳು ಕೆರೆಗೆ ಓಡಿದ ದಿನ ಅವನು ಶಿರಹಟ್ಟಿಯ ಕಡೆಗೆ ಹೋಗಿದ್ದನಂತೆ.

“ಕಳಕವ್ವನ ಎಮ್ಮಿ ಈಗ ಹಳ್ಳದ ಕಡೆ ಹೋಗತೈತ್ರೀ ಅಕ್ಕಾರ,” ಎಂದ. “ಯಾಕಬೇ ಅಂತ ಕೇಳಿದ್ರ, ಆ ಕಂಬಕ್ಕ ಕಿವಿ ಅದಾವು ಅಂತಾಳ. ಹಳ್ಳದಾಗರ ಏನೈತಿ, ಹತ್ತಿ ಬಿಡಸೂ ಮಂದಿ ದಿನಾ ಓಡಾಡ್ತಾರ. ಅಲ್ಲೆ ಸುಮ್ಮನ ಕುಂತು ಬರ್ತಾಳ.”

ಸುಮ್ಮನೆ ಕುಂತು ಬರುತ್ತಾಳೆ. ವನಿತಾ ಫೋನಿಟ್ಟು ಆ ಮಾತನ್ನೇ ನೆನೆಯುತ್ತ ಕೂತಳು. ಉಳಿಸಲು ಓಡಿ ಹೋದವಳು ಆ ಮುದುಕಿಗೆ ಅಳಲು ಇದ್ದ ಒಂದೇ ಜಾಗವನ್ನು ಕಸಿದುಕೊಂಡು ಬಂದಿದ್ದಳು. ಗಂಟಲಿನಲ್ಲಿ ಅಳು ನಿಂತರೆ ಏನಾಗುತ್ತದೆಂದು ಇವಳಿಗಿಂತ ಬಲ್ಲವರು ಯಾರು?

ಕಂಬ ಅಲ್ಲಿರುವ ತನಕ ಕಳಕವ್ವ ಬರುವುದಿಲ್ಲ. ಕಂಬ ಹೋದರೆ ಕಳಕವ್ವ ಬರಬಹುದು, ಆದರೆ ಬಂದದ್ದು ಇವಳಿಗೆ ಕೇಳಿಸುವುದಿಲ್ಲ. ಎರಡು ದಿನ ಅವಳು ಈ ಲೆಕ್ಕ ತಿರುಗಿಸಿ ಮುರುಗಿಸಿ ಮಾಡಿದಳು. ಸುಳ್ಳು ಹೇಳುವುದೇಕೆ, ಮೈಕನ್ನು ಎಲೆಗಳ ನಡುವೆ ಅಡಗಿಸಿ ಇಡಿಸಿದರೆ ಹೇಗೆ ಎಂಬ ಯೋಚನೆಯೂ ಬಂದು ಹೋಯಿತು. ಒಂಟಿಯಾಗಿದ್ದವರಿಗೆ ಬರಬಾರದ ಯೋಚನೆಗಳೂ ಬರುತ್ತವೆ. ಮೂರನೆಯ ದಿನ ಫರ್ಹಾನಾ ಮೇಡಮ್ಮಿಗೆ ಫೋನ್ ಮಾಡಿದಳು.

“ಮೇಡಂ, ಆ ಕಂಬ ಅಲ್ಲಿಂದ ತಗೀರಿ. ಮಂದಿ ದನಿ ಭಾಳ ಬರತೈತಿ.”

“ಅಳಸ್ರಲ್ಲ ಮತ್ತ?”

“ಅಳಿಸಿದ್ರೂ ನಾ ಕೇಳಿರ್ತೀನೆಲ್ರಿ.”

ಫರ್ಹಾನಾ ಬುದ್ಧಿವಂತೆ, ಹೆಚ್ಚು ಕೇಳಲಿಲ್ಲ. “ಆಚಿ ದಂಡಿ ಕೆಸರಿನ್ಯಾಗ ಹಾಕ್ಸಿದ್ರ ಯಾರೂ ಬರಂಗಿಲ್ಲ. ಬರೇ ಬಾತು. ನಿಮಗ ಬ್ಯಾಸರ ಆಗಂಗಿಲ್ಲೇನು?” ಎಂದಳು.

“ಇಲ್ರಿ,” ಎಂದಳು ವನಿತಾ.

ಕಂಬ ಕೀಳುವ ದಿನ ಅವಳು ಬೆಳಿಗ್ಗೆಯಿಂದ ಪುಟ ತೆರೆದು ಕೂತಿದ್ದಳು. ಹುಚ್ಚಪ್ಪನ ಕೈ ಮೈಕಿಗೆ ತಾಗಿದ್ದು ಕರಕರ ಕೇಳಿಸಿತು. ಹಾರೆಯ ಪೆಟ್ಟು, ಒಂದಿಷ್ಟು ಕಲ್ಲು ಉರುಳಿದ ಸದ್ದು, ಆಮೇಲೆ ತಂತಿ ಬಿಚ್ಚಿದ ಮೇಲೆ ಏನೂ ಇಲ್ಲ. ಗೆರೆ ನಿಂತ ಪುಟದ ಮುಂದೆ ಕೂತು ಅವಳು ಉಳಿಸಿಕೊಂಡಿದ್ದ ಅಳುಗಳನ್ನೆಲ್ಲ ತೆರೆದಳು. ಕೊಟ್ಟ ಮಾತು ಇಷ್ಟು ದಿನ ನಡೆಸಿರಲಿಲ್ಲ. ಒಂದನ್ನಾದರೂ ಕೊನೆಯ ಸಲ ಕೇಳೋಣವೆಂದು ಕೈ ಹೋಯಿತು, ‘ಮತ್ತೊಬ್ಬರಿಗೆ ಅಲ್ಲ’ ಎಂದ ಮಾತು ನೆನಪಾಗಿ ಕೈ ಹಿಂದೆ ಬಂತು. ಕೇಳದೆಯೇ ಎಲ್ಲವನ್ನೂ ಆರಿಸಿ ‘ಅಳಿಸು’ ಒತ್ತಿದಳು. ಖಚಿತವೇ ಎಂದು ಪುಟ ಕೇಳಿತು. ಹೌದು ಎಂದಳು.

ಸಂಜೆ ಹುಚ್ಚಪ್ಪನ ಫೋನ್ ಬಂತು.

“ಆಚಿ ದಂಡಿಗೆ ನೆಟ್ಟೀನ್ರಿ ಅಕ್ಕಾರ. ಮಣಕಾಲ ಮಟ ಕೆಸರು. ನಾಳಿಂದ ದನಿ ಬರತೈತಿ.”

“ಕಳಕವ್ವಗ ಹೇಳಿದ್ಯೇನು?”

“ಹೇಳಿದ್ನೆಲ್ರಿ. ಆಕಿ ಮನಿ ಮುಂದ ಹಾದು ಬರುವಾಗ, ಕಂಬ ಕಿತ್ತಾತು, ನಿನ್ನ ಎಮ್ಮಿ ಇನ್ನ ಕೆರಿಗೆ ಹೊಡಿ ಅಂದೆ. ಯಾರ ಕೀಳಿಸಿದ್ರು ಅಂದ್ಲು. ಬೆಟಗೇರಿ ಅಕ್ಕಾರು ಅಂದೆ.”

“ಏನಂದ್ಲು?”

“ಕೈಯಾಗಿನ ಬುಟ್ಟಿ ಕೆಳಗ ಇಟ್ಲು. ಆಮ್ಯಾಲೆ, ಹಂಗಾದ್ರ ಆ ಹುಡುಗಿ ಇನ್ನ ಯಾರ ಕೂಡ ಅಳಬೇಕೋ ಹುಚ್ಚಪ್ಪ ಅಂತ ಕೇಳಿದ್ಲು. ನನಗ ತಿಳೀಲಿಲ್ರಿ. ಏನರೀ ಅದು?”

ವನಿತಾ ಉತ್ತರ ಕೊಡಲು ಬಾಯಿ ತೆರೆದಳು.

“ಹಲೋ? ಅಕ್ಕಾರ? ದನಿ ಬರವಲ್ದು. ಹಲೋ?”

“ಯವ್ವಾ…” ಎಂದಿತು ಅವಳ ಬಾಯಿ. ಅದರ ಬೆನ್ನಿಗೆ ಇನ್ನೊಂದು “ಯವ್ವಾ”, ರಾಗ ಎಳೆದು, ಆಮೇಲೆ “ಯಾರೂ ಇಲ್ಲದ ಹ್ಯಾಂಗ ಹೋದಿ ನನ ಹಡದವ್ವಾ, ಊರ ಹೆಣಕ್ಕ ಅತ್ತಾಕಿ, ನಿನ್ನ ಹೆಣಕ್ಕ ಯಾರೂ ಬರಲಿಲ್ಲೋ ನನ ಹಡದವ್ವಾ…” ಎಂದು ಅಷ್ಟು ವರ್ಷದ್ದೆಲ್ಲ ಒಮ್ಮೆಲೇ ಬಂತು. ಆ ಕಡೆ ಹುಚ್ಚಪ್ಪ ಹಲೋ ಎನ್ನುವುದನ್ನು ನಿಲ್ಲಿಸಿದ. ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ, ಆದರೂ ಫೋನ್ ಇಡಲಿಲ್ಲ.